ಹೊಳಿ ದಾಟಿದ್ರ ಅಡ್ಡಹೆಸರು ಬ್ಯಾರೆ

ಕಾಕೂ, ಮೊಮ್ಮಗನ್ನ ತೊಟ್ಟಲದಾಗ ಹಾಕೋ ದಿನ ಹತ್ರ ಬಂತಲ್ರೀ, ಹೆಸರಿಂದು ಏನು ಮಾಡಿದ್ರಿ? ಸೊಸಿ ‘ಸಿದ್ಧಾರಾಮ ಬ್ಯಾಡ, ಹಳೇದಾತು’ ಅಂತಾಳಂತ. ನನಗ ಕೇಳಿದ್ರ ಅದನ್ನೇ ಇಡ್ರಿ. ಮುದ್ದುಗೌಡ–ಸುಗ್ಗವ್ವರ ಮಗ ಸಿದ್ಧಾರಾಮ ಈ ಸೊನ್ನಲಗಿಯೊಳಗ, ಅಂದ್ರ ನಮ್ಮ ಸೊಲ್ಲಾಪುರದೊಳಗ, ಕೆರಿ ಕಟ್ಟಿಸಿ, 68 ಲಿಂಗ ಸ್ಥಾಪನಾ ಮಾಡಿ ಎಂಟ್ನೂರು ವರ್ಷದ ಮ್ಯಾಲಾತು. ಇವತ್ತೂ ಸಂಕ್ರಾಂತಿ ಗಡ್ಡಾ ಜಾತ್ರಿಯೊಳಗ ‘ಏ ಸಿದ್ರಾಮಾ’ ಅಂತ ಕೂಗ್ರಿ, ಹತ್ತು ಮಂದಿ ಹೊಳ್ಳಿ ನೋಡ್ತಾರ. 7 ನಂದಿಕೋಲಿನ ಈ ಜಾತ್ರಿಯೊಳಗ ಮುಖ್ಯ ಮಾನದ ಮನೆತನ ಹಿರೇಹಬ್ಬು. ಮರಾಠಿ ಪೇಪರಿನವರೂ ಅದನ್ನ ಹಂಗೇ ಬರೀತಾರ; ‘ಹಿರೇ’ ಅನ್ನೋ ಕನ್ನಡ ಅಲ್ಲಿ ಗಟ್ಟಿಯಾಗಿ ಕುಂತದ.

ಅಡ್ಡಹೆಸರಿನ ಕಥಿ ಇನ್ನಾ ದೊಡ್ಡದು. ನಮ್ಮ ಈ ವಿಜಾಪುರ ರಸ್ತಾ ಹಿಡದು ಟಾಕಳಿ ದಾಟಿ, ಭೀಮಾ ಹೊಳಿ ಪೂಲ ಇಳದ್ರ ಧೂಳಖೇಡ. ಆ ದಂಡಿಗೆ ಬಿರಾದಾರ, ಈ ದಂಡಿಗೆ ಬಿರಾಜದಾರ. ಅಲ್ಲಿ ಮೇತ್ರಿ, ಇಲ್ಲಿ ಮ್ಹೇತ್ರೆ. ಅಲ್ಲಿ ಹಿರೇಮಠ ಅಂತ ಬರಸೋ ಜಂಗಮರು ಇಲ್ಲಿ ಭಾಳ ಮಂದಿ ಬರೇ ‘ಸ್ವಾಮಿ’. ರಕ್ತ ಒಂದೇ, ದೇವರ ಜಗಲಿ ಒಂದೇ. ಸಾಲಿ ದಾಖಲಾ ಯಾವ ಭಾಷಾದಾಗ ಬರದ್ರೋ ಹೆಸರು ಹಂಗ ತಿರಗತು.

ಊರಿನ ಹೆಸರಂತೂ ನನಗ ಭಾಳ ಸೇರತಾವ. ಅಕ್ಕಲಕೋಟೆ ತಾಲೂಕಿನ ಕರಜಗಿಯೊಳಗ ಕುಂತವರಿಗೆ ಕರಜಗಿ ಅಂತ ಯಾರು ಕರೀತಾರ ಹೇಳ್ರಿ? ಊರು ಬಿಟ್ಟು ಹ್ವಾದವರಿಗೇ ಊರಿನ ಹೆಸರು ಹತ್ತೋದು. ಮರಾಠಿಯವರು ಅದಕ್ಕೊಂದು ‘ಕರ’ ಹಚ್ಚತಾರ, ನಮ್ಮವರು ಊರನ್ನ ಇದ್ದಂಗೇ ಹೊತ್ಕೊಂಡು ಹೋಗ್ತಾರ. ಯಾವ ಕಾಲಕ್ಕ, ಯಾವ ಬರದಾಗ ಗುಳೇ ಹ್ವಾದ್ರೋ, ಹೆಸರು ಮಾತ್ರ ಊರಿನ ದಾರಿ ತೋರಸತದ.

ಚಾರ್ ಹುತಾತ್ಮಾ ಚೌಕಿಗೆ ಹ್ವಾದಾಗ ಕೂಸಿಗೆ ಅಲ್ಲಿ ಹೆಸರು ಓದಿ ಹೇಳ್ರಿ. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್. 1931ರ ಜನವರಿ 12ಕ್ಕ ಯೇರವಾಡಾ ಜೇಲಿನ್ಯಾಗ ನಾಲ್ಕೂ ಮಂದಿಗೆ ಗಲ್ಲು ಹಾಕಿದ್ರು. ಕನ್ನಡ, ಮರಾಠಿ, ಮಾರವಾಡಿ, ಮುಸಲ್ಮಾನ. ಸೊಲ್ಲಾಪುರ ಅಂದ್ರ ಏನು ಅಂತ ಆ ನಾಲ್ಕು ಹೆಸರೇ ಹೇಳತಾವ. ಜಯದೇವಿತಾಯಿ ಲಿಗಾಡೆ ಅವರದೂ ಹಂಗೇ. ‘ಲಿಗಾಡೆ’ ಕೇಳಿದವರು ಮರಾಠಿ ಅಂದ್ಕೋಬಹುದು. ಆದ್ರ 1974ರಾಗ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರಾದವರು ಅವರೇ, ಆ ಪೀಠಕ್ಕ ಕುಂತ ಮೊದಲನೇ ಹೆಣ್ಣಮಗಳು.

ಅದಕ್ಕ ಹೇಳ್ತೀನಿ, ಜನನದ ದಾಖಲಾ ಬರಸೋವಾಗ ಬಾಯಿಲೆ ಹೇಳಿ ಸುಮ್ನಾಗಬ್ಯಾಡ್ರಿ. ಕೂಸಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಚೀಟಿಯೊಳಗ ಬರದು ಕೊಡ್ರಿ. ನಮ್ಮ ಮನ್ಯಾಗ ಅಣ್ಣಂದೊಂದು, ತಮ್ಮಂದೊಂದು ಅಡ್ಡಹೆಸರು ಬಿದ್ದು, ಹೊಲದ ಹಂಚಿಕಿ ವ್ಯಾಳ್ಯಾಕ ಅಫಿಡವಿಟ್ ಮಾಡಸಬೇಕಾತು. ನಿಮ್ಮ ಕೂಸಿಗೆ ಆ ತಾಪತ್ರಯ ಬ್ಯಾಡ. ಚೀಟಿ ನಾ ಬರದು ಕೊಡ್ತೀನಿ ತರ್ರಿ, ಕನ್ನಡದಾಗೂ ಮರಾಠಿಯೊಳಗೂ.