ಹನ್ನೊಂದಕ್ಕೇ ಸಾಯುವ ಒಂದೂವರೆ ಜಿಬಿ

ಪೀಣ್ಯ ಎರಡನೇ ಹಂತದ ಒಂದು ಲೇತ್ ಶಾಪ್. ಯಜಮಾನರ ಮೊಬೈಲ್ ಹಾಟ್‌ಸ್ಪಾಟಿನಿಂದ ಆಫೀಸ್ ಲ್ಯಾಪ್‌ಟಾಪಿಗೆ ಹರಿಯುವ ದಿನದ 1.5 ಜಿಬಿ ಡೇಟಾ ಮೂರು ದಿನದಿಂದ ಬೆಳಗ್ಗೆ ಹನ್ನೊಂದಕ್ಕೇ ಕೊನೆಯುಸಿರೆಳೆಯುತ್ತಿದೆ. ಇನ್ನೂ 90 ಎಂಬಿ ಜೀವ ಇದ್ದಾಗ ಸಿಕ್ಕ ಸಂದರ್ಶನವಿದು.

ಆರೋಗ್ಯ ಹೇಗಿದೆ?
ಬೇಗ ಕೇಳಿ ಸ್ವಾಮಿ. ನಡುರಾತ್ರಿ ಹುಟ್ಟಿದವನು ನಾನು. ಒಂಬತ್ತಕ್ಕೆ ಶಟರ್ ಎತ್ತಿದರು, ಆಗಲೇ ಜೀವ ಗಂಟಲಿಗೆ ಬಂತು.

ಸತ್ತ ಮೇಲೆ?
64 ಕೆಬಿಪಿಎಸ್ ಎಂಬ ಪ್ರೇತವಾಗಿ ಅಲೆಯುತ್ತೇನೆ. ಒಂದು ಎಂಬಿ ಎಳೆಯಲು ಎರಡು ನಿಮಿಷ ಬೇಕು. ನಿನ್ನೆ ಇ-ವೇ ಬಿಲ್ ಪುಟ ತೆರೆಯಲಿಲ್ಲ, ಮಾಲು ತುಂಬಿದ ಟೆಂಪೊ ಗೇಟಲ್ಲೇ ನಿಂತಿತು. ರಾಜ್ಯದೊಳಗಿನ ಸಾಗಣೆಗೂ ಈ ಬಿಲ್ಲನ್ನು ದೇಶದಲ್ಲಿ ಮೊದಲು, 2018ರ ಏಪ್ರಿಲ್ 1ರಂದು, ಜಾರಿಗೆ ತಂದದ್ದು ನಮ್ಮ ಕರ್ನಾಟಕ. ಆದರೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದದ್ದು ಆ ಹೆಮ್ಮೆಗಲ್ಲ.

ಯಜಮಾನರಿಗೆ ಹೆಲ್ಪರ್ ಹುಡುಗನ ಮೇಲೆ ಗುಮಾನಿಯಂತೆ?
"ರೀಲ್ಸ್ ನೋಡಿ ಮುಗಿಸ್ತಾನೆ" ಅಂತ ಮೊನ್ನೆಯೇ ಪಾಸ್‌ವರ್ಡ್ ಬದಲಾಯಿಸಿದರು. ನಿನ್ನೆಯೂ ನಾನು ಸತ್ತೆ. ಬೈಗುಳ ಮಾತ್ರ ಅವನಿಗೇ ಬಿತ್ತು.

ಹಾಗಾದರೆ ಕೊಂದವರು?
ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಡೇಟಾ ಯೂಸೇಜ್ ತೆರೆಯಿರಿ. ಯಾವ ಆ್ಯಪ್ ಎಷ್ಟು ತಿಂದಿತೆಂಬ ಲೆಕ್ಕ ಅಲ್ಲೇ ಇದೆ. ಮೊದಲ ಹೆಸರು ಕ್ಲೌಡ್ ಬ್ಯಾಕಪ್‌ನದು. ಮಗಳ ಮದುವೆಯ 4 ಜಿಬಿ ವೀಡಿಯೊವನ್ನು ಯಜಮಾನರು ಡೆಸ್ಕ್‌ಟಾಪಿನ ಮೇಲೆ ಇಟ್ಟಿದ್ದಾರೆ. ಅದು ಮೆಲ್ಲಗೆ ಮೋಡ ಹತ್ತುತ್ತಿದೆ. ಮುಹೂರ್ತ ಮುಗಿಯುವಷ್ಟರಲ್ಲಿ ನನ್ನ ಎರಡು ಜನ್ಮ ಹೋಯಿತು. ಇವತ್ತು ಊಟದ ಪಂಕ್ತಿ.

ಅದಕ್ಕೆ ಅಪ್ಪಣೆ ಕೊಟ್ಟವರು?
ಯಜಮಾನರೇ! ಲ್ಯಾಪ್‌ಟಾಪ್ ತಂದ ದಿನ ಒಂದಕ್ಷರ ಓದದೆ 'ಓಕೆ, ಓಕೆ, ನೆಕ್ಸ್ಟ್' ಒತ್ತಿದ್ದರು. ಡ್ರಾಯಿಂಗ್ ಎರಡು ಸಲ ನೋಡದೆ ಚಕ್‌ಗೆ ಜಾಬ್ ಕಟ್ಟದ ಮನುಷ್ಯ!

ಮದ್ದು?
ಲ್ಯಾಪ್‌ಟಾಪಿಗೆ ನನ್ನ ಬಡತನ ಗೊತ್ತಿಲ್ಲ. ಹಾಟ್‌ಸ್ಪಾಟನ್ನೂ ಮುಗಿಯದ ವೈಫೈ ಅಂದುಕೊಂಡಿದೆ. ಅದಕ್ಕೆ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿದರೆ ದೊಡ್ಡ ಅಪ್‌ಡೇಟುಗಳು ಬಹುಮಟ್ಟಿಗೆ ತಡೆದು ನಿಲ್ಲುತ್ತವೆ. ಬ್ಯಾಕಪ್ಪನ್ನೂ ನಿಲ್ಲಿಸಿಡಿ. ಹಾಗಂತ ಅಪ್‌ಡೇಟ್ ಪೂರ್ತಿ ಬಿಟ್ಟುಬಿಡಬೇಡಿ, ಭಾನುವಾರ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಮಾಡಿಕೊ...

(ಇಲ್ಲಿಗೆ ಉಸಿರು ನಿಂತಿತು. ಮರುದಿನ ಸಂಜೆ ಮತ್ತೆ ಕಂಡಾಗ 700 ಎಂಬಿ ಗಟ್ಟಿಮುಟ್ಟಾಗಿತ್ತು.)

ದೀರ್ಘಾಯುಷ್ಯ ಹೇಗನ್ನಿಸುತ್ತಿದೆ?
ಮೂರು ಜನ್ಮದ ಮೇಲೆ ಶಿಫ್ಟ್ ಬಿಡುವುದನ್ನು ಕಂಡೆ. ಬಿಲ್ ಬಂತು, ಟೆಂಪೊ ಹೋಯಿತು. ಈಗ ಯಜಮಾನರು "ಹನ್ನೆರಡಕ್ಕೆ ಹಾಳಾಗುತ್ತಲ್ಲ" ಅಂತ ರೀಲ್ಸ್ ನೋಡುತ್ತಾ ಕೂತಿದ್ದಾರೆ.

ಹುಡುಗನಿಗೆ ಹೊಸ ಪಾಸ್‌ವರ್ಡ್ ಕೊಟ್ಟರಾ?
ಅದಿನ್ನೂ ಲೋಡ್ ಆಗ್ತಾ ಇದೆ ಸ್ವಾಮಿ.