ಎರಡೂವರೆ ಮನೆಯ ಮಾತು

(ವನದುರ್ಗದ ಕೋಟೆಯ ನೆರಳಿನಲ್ಲಿ, ಕಟ್ಟೆಯ ಮೇಲೆ ಹಾಸಿದ ಚದುರಂಗದ ಪಟದಿಂದ ಮರದ ಕುದುರೆಯೊಂದು ಮಾತಾಡಿದೆ. ಒಂದು ಕಿವಿ ಮುರಿದಿದೆ, ಇನ್ನೊಂದು ಚುರುಕಾಗಿದೆ.)

ಪ್ರಶ್ನೆ: ಕುದುರೆಯವರೇ, 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಅವರು ಕೀಸೆರಿಟ್ಸ್ಕಿಯವರನ್ನು ಸೋಲಿಸಿದ ಆಟಕ್ಕೆ ‘ಅಮರ ಆಟ’ ಎಂಬ ಹೆಸರಿದೆ. ಅದರ ಹದಿನೆಂಟನೇ ನಡೆಯೇ ಸರಿಯಿಲ್ಲ ಎನ್ನುತ್ತದೆ ಈಗಿನ ಕಂಪ್ಯೂಟರು. ಇನ್ನೂ ಅಮರ ಎನ್ನಬಹುದೇ?

ಕುದುರೆ: ಅನ್ರಿ, ಯಾಕ ಅನಬಾರ್ದು? ಒಂದು ಒಂಟೆ, ಎರಡೂ ಆನಿ, ಕಡೀಕ ಮಂತ್ರೀನೂ ಕೊಟ್ಟು ಶಹಮಾತ್ ಮಾಡ್ಯಾನ. ಎದುರಿನವಗ ಒಳ್ಳೆ ಉತ್ತರ ಇತ್ತು ಅಂತದ ಯಂತ್ರ. ಇದ್ದೀತು. ಆ ಉತ್ತರ ಪಟದ ಮ್ಯಾಲಿತ್ತು, ಕೀಸೆರಿಟ್ಸ್ಕಿ ತಲಿಯೊಳಗ ಇರ್ಲಿಲ್ಲ. ನಮ್ಮ ಸುರಪುರ ಸೀಮಿದೇ ನೋಡ್ರಿ. 1705ರಾಗ ಔರಂಗಜೇಬ ವಾಗಣಗೇರಾಕ್ಕ ಮುತ್ತಿಗಿ ಹಾಕಿದ್ದ. ಅಲ್ಲಿನ ದೊರಿ ಪಿಡ್ಡನಾಯಕ ಸಂಧಿ ಮಾತಾಡ್ತ ದಿನ ದೂಡಿ, ಒಂದ್ ರಾತ್ರಿ ಕ್ವಾಟಿ ಬಿಟ್ಟು ಹ್ವಾದ. ಯಂತ್ರ ಏನಂತಿತ್ತು? ಕ್ವಾಟಿ ಹೋತು, ಅಂಕ ಮೈನಸ್ ಐದು, ಸೋತಂಗ! ಬಾದಶಹ 1707ಕ್ಕ ತೀರ್ಕೊಂಡ. ನಾಯಕರ ಸಂಸ್ಥಾನ 1858ರ ತನಕ ನಡೀತು.

ಪ್ರಶ್ನೆ: ಎದುರಾಳಿಗೆ ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಕೆಟ್ಟ ನಡೆ ಒಳ್ಳೆಯದಾಗುವುದಿಲ್ಲ. ಗೆದ್ದವನು ಮಾಡಿದ್ದೆಲ್ಲ ಜಾಣತನ ಎಂದರೆ ಆಟ ಕಲಿಯುವ ಮಕ್ಕಳ ಗತಿಯೇನು?

ಕುದುರೆ: ಕಲಿಯೋರು ಯಂತ್ರದ ಮಾತು ಕೇಳ್ಲೇಬೇಕು, ನಾನೂ ಕೇಳ್ತೀನಿ. ಫೋನು ಹಿಡಿದ ಪೋರ ‘ಆಂಡರ್ಸನ್‌ಗ ಆಟಾನೇ ಬರ್ತಿರ್ಲಿಲ್ಲ’ ಅಂತಾನಲ್ಲ, ನನ್ನ ತಕರಾರು ಅದಕ್ಕ. ಕೀ ಆನ್ಸರ್ ಕೈಯಾಗಿದ್ರ ಯಾರೂ ಮಾಸ್ತರೇ. ಯಂತ್ರಕ್ಕ ಮಾಸ್ತರಕಿಗಿಂತ ಸಾಕ್ಷಿ ಹೇಳೋ ಕೆಲಸ ಒಪ್ಪತದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ನನ್ನನ್ನ 64 ಮನಿಗೂ ಒಂದೊಂದೇ ಸಲ ಕುಣಿಸಿದ್ರು. ಹೆಜ್ಜಿಗೊಂದು ಅಂಕಿ ಬರದ್ರ ಅಡ್ಡ ಕೂಡಿಸಿದ್ರೂ 260, ಉದ್ದ ಕೂಡಿಸಿದ್ರೂ 260! ಮೂಲಿಯಿಂದ ಮೂಲಿಗೆ ಕೂಡಿಸಿದ್ರ ಮಾತ್ರ ಲೆಕ್ಕ ಹೊಂದ್ತಿರ್ಲಿಲ್ಲ. ಅರಸರಿಗೆ ಕೈಲಾಗ್ಲಿಲ್ಲ ಅಂತ ಯಾರೂ ಅನಬಹುದಿತ್ತು. 2003ರಾಗ ಕಂಪ್ಯೂಟರ್ 61 ದಿನದಷ್ಟು ದುಡಿದು ಹೇಳ್ತು: ಅಡ್ಡ, ಉದ್ದ ಹೊಂದೋ ಓಟ ಇರೋದೇ 140 ಬಗಿ, ಎರಡೂ ಮೂಲಿ ಸಾಲು ಹೊಂದೋದು ಒಂದೂ ಇಲ್ಲ. ಅರಸರು ಎಡವಿರ್ಲಿಲ್ರಿ, ಮುಂದ ದಾರಿನೇ ಇರ್ಲಿಲ್ಲ.

ಪ್ರಶ್ನೆ: ಅಂದರೆ ನಿಮ್ಮವರ ಪರ ಸಾಕ್ಷಿ ಹೇಳಿದಾಗ ಮಾತ್ರ ಯಂತ್ರವನ್ನು ಒಪ್ಪುತ್ತೀರಿ!

ಕುದುರೆ: ಹಂಗಲ್ರಿ. ಒಡೆಯರ ಲೆಕ್ಕದಾಗ ಅದು ಇರೋ ದಾರಿ ಎಲ್ಲಾ ನೋಡಿ ಮಾತಾಡ್ತು. ವಿರುದ್ಧ ಹೇಳಿದ್ರೂ ಒಪ್ತಿದ್ದೆ. ಆಂಡರ್ಸನ್ ಆಟಕ್ಕ ಹಂಗ ಮಾಡಾಕ ಆಗಂಗಿಲ್ಲ. ಪಟದ ಮ್ಯಾಲ ರಾಜರೂ ಸೇರಿ ಏಳು ಕಾಯಿ ಉಳಿಯೋತನ ಚದುರಂಗ ಪೂರ್ತಿ ಬಿಡಿಸಿದವರಿಲ್ಲ. ಅಲ್ಲಿತನ ಯಂತ್ರ ಕೊಡೋದು ಅಂದಾಜು. ಭಾಳ ಶಾಣ್ಯಾ ಅಂದಾಜು ಖರೆ, ಆದ್ರ ಹೊಸ ಆವೃತ್ತಿ ಬಂದ್ರ ಹಳೇದರ ಅಂಕ ತಿದ್ದತದ. ಅದಕ್ಕ ಆ ಪೋರನ್ನ ಕೇಳ್ತೀನಿ: ತಮ್ಮಾ, ನಿನ್ನ ಫೋನಿನಾಗಿರೋ ಮಾಸ್ತರು ಯಾವ ವರ್ಷದವರು?