ಜರಡಿ ಭಾವ

ಸುಂಕಸಾಳದಲ್ಲಿ ಯಾರ ಮನೆಯ ಮಿಕ್ಸರು ಕೆಟ್ಟರೂ ಅದನ್ನು ಜರಡಿ ಭಾವನ ಕಣ್ಣಿಗೆ ಬೀಳದಂತೆ ಚೀಲದಲ್ಲಿ ಸುತ್ತಿ ಅಂಕೋಲೆಗೆ ಒಯ್ಯುತ್ತಾರೆ. ಭಾವನಿಗೆ ರಿಪೇರಿ ಬರುವುದಿಲ್ಲವೆಂದಲ್ಲ, ಚೆನ್ನಾಗಿಯೇ ಬರುತ್ತದೆ. ಆದರೆ ರಿಪೇರಿಗೂ ಮೊದಲು ವಿಚಾರಣೆ ನಡೆಯುತ್ತದೆ. ಕೊನೇ ಸಲ ತೊಳೆದದ್ದು ಯಾವಾಗ? ತೊಳೆದವರು ಯಾರು? ಬಿಸಿನೀರೋ, ತಣ್ಣೀರೋ? ಒರೆಸಿದ ಬಟ್ಟೆ ಎಲ್ಲಿ? ಇಷ್ಟಕ್ಕೆ ಉತ್ತರ ಹೇಳುವುದರೊಳಗೆ ಒರಳಲ್ಲೇ ಚಟ್ನಿ ಅರೆದು, ಊಟ ಮುಗಿಸಿ, ಕವಳ ಹಾಕಬಹುದು.

ಗೋವಾದ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿದ್ದು ನಿವೃತ್ತರಾದವರು ಅವರು. ನಮ್ಮ ಕಡೆಯಿಂದ ಗೋವಾಕ್ಕೆ ಕೆಲಸಕ್ಕೆ ಹೋದವರಲ್ಲಿ ಕೆಲವರು ದುಡ್ಡು ಮಾಡಿಕೊಂಡು ಬಂದರು, ಕೆಲವರು ಫೆನಿಯ ರುಚಿ ಹತ್ತಿಸಿಕೊಂಡು ಬಂದರು. ಭಾವ ತೊಳೆಯುವುದನ್ನು ಕಲಿತು ಬಂದರು.

ಅವರ ಸುಪರ್ದಿಯಲ್ಲಿದ್ದದ್ದು ಗ್ರ್ಯಾನ್ಯುಲೇಟರು. ಔಷಧದ ಪುಡಿಯನ್ನು ಹಾಗೆಯೇ ಅಚ್ಚಿಗೆ ಸುರಿದರೆ ಎಲ್ಲ ಕಡೆ ಒಂದೇ ಸಮ ಇಳಿಯುವುದಿಲ್ಲ. ಒಂದು ಮಾತ್ರೆಯಲ್ಲಿ ಔಷಧ ಹೆಚ್ಚಾಗಿ ಇನ್ನೊಂದರಲ್ಲಿ ಕಡಿಮೆಯಾದೀತು. ಅದಕ್ಕೇ ಪುಡಿಗೆ ಪಿಷ್ಟದ ಗಂಜಿಯನ್ನೋ ಬೇರೆ ಅಂಟನ್ನೋ ಹನಿಸಿ, ಕಲಸಿ, ಕಾಳು ಕಟ್ಟಿಸಿ, ಒಣಗಿಸಿ, ಜರಡಿ ಹಿಡಿದು, ಆಮೇಲೆ ಒತ್ತುತ್ತಾರೆ. ಕಾರ್ಖಾನೆಯಲ್ಲಿ ಈ ಕೆಲಸ ನೂರಾರು ಕಿಲೋ ಲೆಕ್ಕದಲ್ಲಿ ನಡೆದರೆ, ಲ್ಯಾಬಿನಲ್ಲಿ ಐದು ಲೀಟರಿನ ಬೌಲು. ತಳದಲ್ಲಿ ದೊಡ್ಡ ರೆಕ್ಕೆ, ಪಕ್ಕದಲ್ಲಿ ಗಂಟು ಒಡೆಯುವ ಪುಟ್ಟ ಚಾಪರು. ಹದ ಬಂತೆಂದು ಹೇಳಲು ಆಮೀಟರ್ ಇದೆ. ಪುಡಿ ಒದ್ದೆಯಾಗಿ ಬಿಗಿದಂತೆ ಮೋಟರು ಎಳೆಯುವ ಕರೆಂಟು ಏರುತ್ತದೆ. ಭಾವ ಮೀಟರನ್ನು ನೋಡಿಯೂ ನಂಬುತ್ತಿರಲಿಲ್ಲ. ಕೈಗವಸಿನ ಮುಷ್ಟಿಯಲ್ಲಿ ಒಂದು ಹಿಡಿ ಒತ್ತುವುದು. ಪಂಚಕಜ್ಜಾಯದ ಹಾಗೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಎರಡು ಹೋಳಾಗಬೇಕು. ಆಯಿತು ಎಂದರೆ ಆಯಿತು.

ಯಾವ ಲ್ಯಾಬಿಗೆ ಹೋದರೂ ಇಂಥ ಒಬ್ಬರು ಸಿಗುತ್ತಾರೆ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಜೇಬಿನಲ್ಲಿ ಟಾರ್ಚು. ಚಾಪರಿನ ಬ್ಲೇಡು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಭದ್ರ. ಹೊಸದಾಗಿ ಸೇರಿದ ಎಂ.ಫಾರ್ಮಾ ಹುಡುಗ ಯಂತ್ರ ಕೇಳಲು ಬಂದರೆ, ಹೆಣ್ಣು ಕೇಳಲು ಬಂದವನನ್ನು ನೋಡಿದಂತೆ ಮೇಲಿಂದ ಕೆಳಗೆ ನೋಡುತ್ತಾರೆ. ಇಂಥವರಿಗೆ ಯಂತ್ರ ಓಡುವುದು ಮುಖ್ಯವಲ್ಲ, ಕೆಡದಿರುವುದು ಮುಖ್ಯ. ಓಡದಿದ್ದರೆ ಕೆಡುವುದಿಲ್ಲ ಎಂಬಲ್ಲಿಗೆ ತರ್ಕ ಮುಗಿಯುತ್ತದೆ. ಹಾಗಂತ ನಗುವವರು ಅವರು ರಜೆ ಹಾಕಿದ ವಾರ ಲ್ಯಾಬಿಗೆ ಹೋಗಿ ನೋಡಬೇಕು.

ಹುಡುಗರು ಏನೆಲ್ಲ ಮಾಡುತ್ತಾರೆ! ರೆಕ್ಕೆಯ ದಂಡದ ಸುತ್ತ ಗಾಳಿ ಊದುವ ವ್ಯವಸ್ಥೆ ಇರುತ್ತದೆ. ಪುಡಿ ಸುರಿಯುವ ಮೊದಲೇ ಗಾಳಿ ಬಿಡಬೇಕು, ಬೌಲು ಖಾಲಿಯಾದ ಮೇಲಷ್ಟೇ ನಿಲ್ಲಿಸಬೇಕು. ಮರೆತರೆ ಪುಡಿ ಸೀಲಿನೊಳಗೆ ಇಳಿದು, ಮೇಲಿಂದ ಗಂಜಿ ಸೇರಿ, ಮರುದಿನ ದಂಡ ಅಲುಗುವುದೇ ಇಲ್ಲ. ಡ್ರೈಯರಿನ ಬಟ್ಟೆಚೀಲ ಕಟ್ಟಿಕೊಂಡರೆ ಬಿಚ್ಚಿ ಒಗೆಯುವ ಬದಲು ಹೊರಗಿನಿಂದ ಸ್ಪಾನರಿನಲ್ಲಿ ಬಾರಿಸುತ್ತಾರೆ. ಬೌಲಿಗೆ ಮೆತ್ತಿದ್ದನ್ನು ಸ್ಟೀಲ್ ನಾರಿನಿಂದ ತಿಕ್ಕುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಅದರ ಮೈಮೇಲಿನ ತೆಳು ಆಕ್ಸೈಡ್ ಪದರದಿಂದ. ಅಲ್ಲಿ ಗೀರಿ, ನಾರಿನ ಕಬ್ಬಿಣದ ಚೂರು ಬಿಟ್ಟು, ಮೇಲಿಂದ ಬ್ಲೀಚಿಂಗ್ ನೀರು ಸುರಿದರೆ 316 ಎಲ್ ಎಂಬ ದುಬಾರಿ ಉಕ್ಕಿಗೂ ಚುಕ್ಕೆ ಬೀಳುತ್ತದೆ. ಭಾವ ಆ ಚುಕ್ಕೆಯ ತಾರೀಕು ಹೇಳಬಲ್ಲರು. ಚುಕ್ಕೆಗೆ ಕಾರಣರಾದವರ ಹೆಸರನ್ನೂ.

ಜರಡಿ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಅವರು ಜರಡಿ ನೋಡುವುದನ್ನು ನಾನು ಊರಲ್ಲೇ ಕಂಡಿದ್ದೇನೆ, ಅಕ್ಕಿಹಿಟ್ಟಿನ ಜರಡಿಯದು. ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ಅಂಚಿನಿಂದ ನಡುವಿಗೆ ಸುತ್ತು ಬರುತ್ತಾರೆ. ಅಂಚಿನಲ್ಲಿ ತಂತಿ ಸಡಿಲವೇ ಎಂದು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತುತ್ತಾರೆ. 20 ನಂಬರಿನ ಜರಡಿಯ ಕಣ್ಣು 850 ಮೈಕ್ರಾನು, ಒಂದು ಮಿಲಿಮೀಟರಿಗೂ ಕಡಿಮೆ. ಅದರ ಒಂದು ಎಳೆ ಹರಿದರೆ ಕಣ್ಣು ದೊಡ್ಡದಾಯಿತು ಎಂಬುದಷ್ಟೇ ಅಲ್ಲ ಚಿಂತೆ. ಹರಿದ ಎಳೆ ಎಲ್ಲಿ ಹೋಯಿತು? ಅದಕ್ಕೇ ಜರಡಿಯನ್ನು ಬಳಸುವ ಮೊದಲೂ ನೋಡಬೇಕು, ಬಳಸಿದ ಮೇಲೂ ನೋಡಬೇಕು.

“ಅಯಸ್ಕಾಂತ ಹಿಡಿದ್ರೆ ಸಿಗೂದಿಲ್ವಾ ಭಾವ?”

“ಆ ಜಾತಿ ಉಕ್ಕು ಅಯಸ್ಕಾಂತಕ್ಕೆ ಸರೀ ಹತ್ತೂದಿಲ್ಲ ಮಾರಾಯಾ. ಹಿಡೀತಾ ಕೂತ್ಕ, ಸಂಜೆ ಆಗ್ತದೆ.”

ಇನ್ಸ್‌ಪೆಕ್ಷನ್ ದಿನ ಭಾವ ಮದುಮಗನಂತೆ ಇರುತ್ತಿದ್ದರಂತೆ. 1945ರ ಔಷಧ ನಿಯಮಗಳ ಷೆಡ್ಯೂಲ್ ‘ಎಂ’ ಅವರಿಗೆ ಬಾಯಿಪಾಠ. ಬಂದ ಅಧಿಕಾರಿ ಬೌಲಿನೊಳಗೆ ಇಣುಕಿ ತಲೆದೂಗಿ ಹೊರಟರೆ ಇವರಿಗೇ ಬೇಜಾರು. “ಸರ್, ಗ್ಯಾಸ್ಕೆಟ್ ತೆಗೆಸಿ ನೋಡಿ” ಎಂದು ತಾವಾಗಿಯೇ ಹೇಳುವುದು. ಪಕ್ಕದಲ್ಲಿ ನಿಂತ ಮ್ಯಾನೇಜರ್ ಬೆವರುವುದು. ಗ್ಯಾಸ್ಕೆಟ್ಟಿನ ಅಡಿ, ಸ್ಕ್ರೂವಿನ ಸಂದು, ಹೊರಗೆ ಬಿಡುವ ಬಾಗಿಲಿನ ಹಿಂಬದಿ: ಹಿಂದಿನ ಔಷಧ ಅಡಗಿ ಕೂರುವುದು ಅಲ್ಲೇ. ತೆಗೆಸಿದರೆ ಅಲ್ಲೂ ಫಳಫಳ. ಆ ಹೊತ್ತಿನಲ್ಲಿ ಭಾವನ ಮುಖ ನೋಡಬೇಕಿತ್ತು ಎಂದು ಅವರೇ ಹೇಳುತ್ತಾರೆ.

ಈಗ ಲ್ಯಾಬು ಇಲ್ಲ, ಮನೆ ಇದೆ. ಬರೆದಿಡದ್ದು ಮಾಡಿದ್ದಲ್ಲ ಎಂಬುದು ಅವರ ಕಸುಬಿನ ವೇದವಾಕ್ಯ. ಹಾಗಾಗಿ ಮಿಕ್ಸರಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ, ಬೋರ್ಡೋ ಹೊಡೆಯುವ ಪಂಪಿಗೆ ಒಂದೊಂದು ಲಾಗ್‌ಬುಕ್ಕು. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ದ್ರಾವಣ ಪಂಪಿನಲ್ಲಿ ರಾತ್ರಿ ಕಳೆದರೆ ವಾಶರು ತಿನ್ನುತ್ತದೆಂದು ಅಡಿಕೆ ಮರ ಹತ್ತುವ ಕೊನೆಗೌಡನನ್ನು ಕತ್ತಲಾದ ಮೇಲೂ ನಿಲ್ಲಿಸಿ ಮೂರು ನೀರು ತೊಳೆಸುತ್ತಾರೆ. ಊರಿನ ಬೇರೆಯವರ ಪಂಪು ಎರಡು ಮಳೆಗಾಲಕ್ಕೆ ಮುಗಿಯುತ್ತದೆ, ಇವರದು ಇನ್ನೂ ಹೊಸ ಅಳಿಯನ ಹಾಗೆ ಮಿಂಚುತ್ತಿದೆ. ಕೊನೆಗೌಡ ಮಾತ್ರ ಬದಲಾಗುತ್ತಲೇ ಇರುತ್ತಾನೆ.

ಮಿಕ್ಸರಿನ ಕುತ್ತಿಗೆಗೆ ಹಸಿರು ಚೀಟಿ: ‘ತೊಳೆದಿದೆ’. ತೊಳೆದು 72 ಗಂಟೆ ದಾಟಿತೋ, ಚೀಟಿ ಹಳದಿ: ‘ಮತ್ತೆ ತೊಳೆಯಬೇಕು’. ಅಕ್ಕನದು ಒಂದೇ ಗೋಳು. “ಹಸಿರಿದ್ರೆ ಗಲೀಜು ಮಾಡ್ಬೇಡ ಅಂತ್ರಿ, ಹಳದಿ ಇದ್ರೆ ಮುಟ್ಬೇಡ ಅಂತ್ರಿ. ನಾಳಿಂದ ಆ ಚೀಟಿದೇ ತಂಬುಳಿ ಮಾಡಿ ಬಡಿಸ್ತೆ ನೋಡಿ.”

ಗೋವಾದಲ್ಲಿದ್ದಾಗ, ರಜೆಗೆ ಊರಿಗೆ ಬಂದರೆ ಭಾವನಿಗೆ ಅತಿ ಸಂಕಟ ಕೊಟ್ಟದ್ದು ಅದಿರಿನ ಕಾಲ. ಹುಬ್ಬಳ್ಳಿ ಹೆದ್ದಾರಿಯಲ್ಲಿ ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಲಾರಿ. 2010ರ ಜುಲೈನಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸುವವರೆಗೂ ರಸ್ತೆಯಂಚಿನ ಹಂಚು, ಎಲೆ, ದನ ಎಲ್ಲ ಕೆಂಪು. ಉಳಿದವರು ಕೆಮ್ಮಿದರು. ಭಾವ ಜಗಲಿಯ ಧೂಳನ್ನು ಬೆರಳಲ್ಲಿ ತೆಗೆದು, ಬೆಳಕಿಗೆ ಹಿಡಿದು, “ಐರನ್ ಆಕ್ಸೈಡು” ಎಂದರು. ಮಾತ್ರೆಗೆ ಕೆಂಪು ಬಣ್ಣ ಕೊಡುವುದೂ ಅದೇ ವಸ್ತು, ಶುದ್ಧ ರೂಪದ್ದು ಅಷ್ಟೇ. “ಒಂದು ಚಮಚ ಬಿದ್ರೆ ಬೌಲು ಮೂರು ಸಲ ತೊಳೀಬೇಕು. ಇವ್ರು ಲಾರಿಗಟ್ಲೆ ಚೆಲ್ತಾರೆ, ಲಾಗ್‌ಬುಕ್ಕೂ ಇಲ್ಲ!” ಆಮೇಲೆ ಅಕ್ರಮ ಅದಿರಿನ ತನಿಖೆಯಲ್ಲಿ ಲೋಕಾಯುಕ್ತರು ಕೇಳಿದ್ದೂ ಹೆಚ್ಚುಕಡಿಮೆ ಲಾಗ್‌ಬುಕ್ಕನ್ನೇ.

ಮೊನ್ನೆ ಹಳೇ ಲ್ಯಾಬಿನ ಹುಡುಗನ ಫೋನು. ಟಚ್‌ಸ್ಕ್ರೀನಿನ ಹೊಸ ಯಂತ್ರವಂತೆ, ಏನೋ ಕಿರುಗುಡುತ್ತದಂತೆ. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಭಾವ ಹೆದ್ದಾರಿಯ ಬದಿಗೆ ಓಡಿದರು. “ಫೋನು ಯಂತ್ರದ ಹತ್ರ ಹಿಡಿ... ಇನ್ನೂ ಹತ್ರ... ಅಯ್ಯೋ, ನಿಲ್ಸು! ಮೊದ್ಲು ನಿಲ್ಸು!” ಎಂದು ಕೈ ಬೀಸಿದ ಹೊಡೆತಕ್ಕೆ ಅಂಕೋಲೆ ಕಡೆ ಹೊರಟಿದ್ದ ಬಸ್ಸು ಕಿರ್ರೆಂದು ನಿಂತಿತು.

ಕಂಡಕ್ಟರ್ ಬಾಗಿಲು ತೆರೆದ. “ಬೇಗ ಹತ್ತಿ ಹೆಗಡೇರೆ, ಎಲ್ಲಿಗೆ?”

ಭಾವ ಫೋನನ್ನು ಎದೆಗೆ ಒತ್ತಿಕೊಂಡು ಬಸ್ಸಿನ ಕಡೆ ಕಿವಿಯಾನಿಸಿದರು. “ನಾ ಹತ್ತೂದಿಲ್ಲ. ಮುಂದಿನ ಎಡಗಾಲಿ ಬೇರಿಂಗು ಹೋಗಿದೆ. ಗ್ರೀಸು ಹಾಕಿದ್ದು ಯಾವಾಗ?”

ಕಂಡಕ್ಟರ್ ಡ್ರೈವರನ ಮುಖ ನೋಡಿದ. ಡ್ರೈವರ್ ಕೆಳಗಿಳಿದು ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಒಳಗಿದ್ದ ಜನರೆಲ್ಲ ಒಬ್ಬೊಬ್ಬರಾಗಿ ಚೀಲ ಹಿಡಿದು ಇಳಿಯತೊಡಗಿದರು.